ಹೆಣ ಕುಂತ ಮನಿ ಅಗಸಿ

ಮಲ್ಕಮ್ಮಗ ಅವತ್ತು ಮುಂಜಾನಿಯಿಂದ ನಿಂತಲ್ಲಿ ನಿಲ್ಲಾಕ ಆಗವಲ್ದು, ಕುಂತಲ್ಲಿ ಕೂಡಾಕ ಆಗವಲ್ದು. ಹೊಳಿ ದಂಡಿಗಿ ಹೋಗಿ ಬಸವಣ್ಣನ ಕಲ್ಲು ನೋಡೂದು, ತಿರುಗಿ ಗುಡಸಲಕ್ಕ ಬಂದು ಬಾಣಂತಿ ಮಗಳ ಹಣಿ ಮುಟ್ಟೂದು, ಮತ್ತ ಹೊಳಿಗಿ ಓಡೂದು. ಗಂಡ ದಶರಥ ಬೀಡಿ ಸೇದಿಕೋತ ನೋಡಿ ನೋಡಿ ಸಾಕಾಗಿ, "ಏನ ಬೇ, ಕಾಲಿಗಿ ಚೇಳು ಕಡದದೇನು?" ಅಂದ.

"ಚೇಳು ಕಡದಿದ್ರ ಮಂತ್ರಾ ಹಾಕಿಸಿಕೊಂಡು ಸುಮ್ಮನ ಕೂಡತಿದ್ದೆ. ಹೊಳಿಗಿ ಯಾರು ಮಂತ್ರಾ ಹಾಕ್ತಾರ?" ಅಂದಳು ಮಲ್ಕಮ್ಮ.

ಆಕಿ ಅಂದದ್ದರಾಗ ಸುಳ್ಳೇನಿಲ್ಲ. ಶಿರಗಟ್ಟಿ ಅಂಬೂದು ಅಫಜಲಪುರ ತಾಲೂಕಿನಾಗ ಭೀಮಾ ಹೊಳಿ ದಂಡಿ ಹಿಡದು ಕುಂತ ಊರು. ಈಚಿ ದಂಡಿ ನಿಜಾಮಂದು, ಆಚಿ ದಂಡಿ ಇಂಗ್ರೇಜರದು. ಹೊಳಿ ಮಾತ್ರ ಇಬ್ಬರ ಮಾತೂ ಕೇಳತಿರಲಿಲ್ಲ. ಊರಾಗ ಒಬ್ಬರೂ ಸಮುದ್ರ ಕಣ್ಣಿಲೆ ಕಂಡವರಲ್ಲ. ಆದ್ರ ಮೂಡಣ ಸಮುದ್ರದಾಗ ಗಾಳಿ ಎದ್ದರ ಶಿರಗಟ್ಟಿ ಗ್ವಾಡಿ ಬೀಳ್ತಾವು ಅಂತ ಸಣ್ಣ ಹುಡುಗರಿಗೂ ಗೊತ್ತಿತ್ತು. ಮಹಾನವಮಿ ಮುಂದ ಮೂಡಗಾಳಿ ಹೊಳ್ಳಿ ಬೀಸಾಕ ಹತ್ತಿತಂದ್ರ ಮುದುಕರು ಮುಗಲು ನೋಡಿ ಬಾಯಿ ಬಡಕೋತಿದ್ರು. ಆ ಗಾಳಿ ಬೀಸಾಕ ಹತ್ತಿ ಎರಡು ದಿನ ಆಗಿತ್ತು. ಗಡಿ ನಾಕಾದ ಸಿಪಾಯಿ ಖಾದರಸಾಬ ಹಿಂದಿನ ದಿನಾ ಸೈಕಲ್ ನೂಕಿಕೋತ ಬಂದು, "ಗುಲಬರ್ಗಾ ಠೇಸನಕ್ಕ ತಾರ ಬಂದದಂತ. ಬಂದರದ ಕಡಿಗಿ ಭಾರೀ ತೂಫಾನ ಎದ್ದದ. ನಿಮ್ಮ ಗಂಟುಮೂಟಿ ಕಟ್ಟಿಕೊಳ್ರಪಾ" ಅಂತ ಕೇರಿಗಿ ಹೇಳಿ ಹೋಗಿದ್ದ. ಪುಣ್ಯಾತ್ಮ, ಆತನಾದ್ರೂ ಹೇಳಿದ.

ಘಾಟಿನ ಮ್ಯಾಲೊಂದು ಕಲ್ಲಿನ ಬಸವಣ್ಣ ಇತ್ತು. ನೀರು ಅದರ ಮೊಣಕಾಲಿಗಿ ಬಂದರ ಸಾಮಾನು ಕಟ್ಟಬೇಕು, ಡುಬ್ಬಕ್ಕ ಬಂದರ ದನಾ ಬಿಚ್ಚಬೇಕು, ಕೋಡು ಮುಳುಗಿದರ ಕೇರಿ ಖಾಲಿ. ಇದು ಅಜ್ಜ ಮುತ್ಯಾರ ಕಾಲದ ಲೆಕ್ಕ. ಅವತ್ತು ಮಲ್ಕಮ್ಮ ಮೊದಲ ಸಲ ನೋಡಿದಾಗ ನೀರು ಮೊಣಕಾಲಿಗಿತ್ತು. ಎರಡನೇ ಸಲ ಹೋಗೂದರಾಗ ಹೊಟ್ಟಿ ಮುಟ್ಟಿತ್ತು. ಕೆಂಪು ನೀರು, ಅದರ ಮ್ಯಾಲ ತೇಲಿಕೋತ ಯಾರದೋ ಮನಿ ಬಾಗಲಾ, ಯಾರದೋ ಕಣಕಿ ಬಣವಿ.

ಕೇರಿ ಇದ್ದದ್ದು ಎಲ್ಲರಿಗಿಂತ ತಗ್ಗಿನಾಗ. ಅದರ ಮ್ಯಾಲ ಊರು. ಊರಿನ ಮ್ಯಾಲ, ದಿಬ್ಬದ ನೆತ್ತಿಗಿ, ಗೌಡರ ವಾಡೆ. ಸುತ್ತಲೂ ಆಳೆತ್ತರದ ಗ್ವಾಡಿ, ನಡಬರಕ ಆನಿ ಹೋಗೂವಂಥ ಅಗಸಿ ಬಾಗಲಾ. ಹೊಳಿ ಏರಿತಂದ್ರ ಊರವರು ದನಾ ಕರಾ, ಜ್ವಾಳದ ಚೀಲ ಸಮೇತ ವಾಡೆ ಸೇರತಿದ್ರು. ಆಮ್ಯಾಲೆ ಅಗಸಿಗಿ ಸರಪಳಿ ಹಾಕಿ ಮೊಳದುದ್ದದ ಬೀಗಾ ಜಡೀತಿದ್ರು. ಕೇರಿಯವರು? ಅವರು ಅಗಸಿ ಹೊರಗಿನ ಇಳಕಲದಾಗ, ಮಳಿ ಗಾಳಿಗಿ ಮೈ ಕೊಟ್ಟು, ನೀರು ಇಳಿಯೋತನಾ ಕುಂತಿರಬೇಕು. ಒಳಗ ಕುಡಿಯೋ ನೀರಿನ ಬಾವಿ ಅದ, ಮೈಲಿಗಿ ಆಗ್ತದ ಅಂತ. ದನಕ್ಕ ಜಾಗ ಇತ್ತು, ಮನುಷ್ಯಾರಿಗಿ ಇದ್ದಿಲ್ಲ.

ಅದೇ ಇಳಕಲದಾಗ ಮಲ್ಕಮ್ಮನ ಚೊಚ್ಚಲ ಗಂಡುಮಗ ಹೋಗಿತ್ತು. ಆಗಿನ್ನೂ ಆಕಿ ಹೊಸ ಮದಲಗಿತ್ತಿ ಹಂಗಿದ್ದಳು. ಹಸಿಗೂಸು ರಾತ್ರಿಯೆಲ್ಲಾ ಒದರಿ ಒದರಿ ಅತ್ತು, ಬೆಳಕು ಹರಿಯೂದರಾಗ ಸುಮ್ಮನಾತು. ಮಲಗ್ಯಾದ ಅಂತ ಆಕಿ ಎಷ್ಟೋ ಹೊತ್ತು ಎದಿಗಿ ಅವಚಿಕೊಂಡೇ ಕುಂತಿದ್ದಳು. ತೊಟ್ಟಲಕ್ಕ ಹಾಕಿದ್ದಿಲ್ಲ, ಹೆಸರೂ ಇಟ್ಟಿದ್ದಿಲ್ಲ. ಇವತ್ತು ಮಗಳು ಅಂಬುಬಾಯಿ ತವರಿಗಿ ಬಂದು ಹಡದು, ಗುಡಸಲದಾಗ ಮಲಗಿದ್ದಳು. ಆಕಿ ಮಗ್ಗಲದಾಗಿನ ಹೆಣ್ಣುಕೂಸಿಗೂ ಇನ್ನ ತೊಟ್ಟಲಾಗಿರಲಿಲ್ಲ. ಮಲ್ಕಮ್ಮಗ ಚೇಳು ಕಡದದ್ದು ಅಲ್ಲಿ.

ದುಡಿಯಾಕ ಹೋಗೂದು ಬಿಟ್ಟರ, ಕೇರಿ ಮಂದಿಗಿ ವಾಡೆ ಅಗಸಿ ತೆರಿಯೂದು ಒಂದೇ ಕಾರಣಕ್ಕ, ಒಳಗ ಸಾವು ಆದರ. ಹಲಗಿ ಬಾರಸಾಕ ಕೇರಿ ಬೇಕು, ಕುಣಿ ಅಗಿಯಾಕ ಕೇರಿ ಬೇಕು, ಬಾಯಿ ತೆಗದು ಅಳಾಕ ಸುದ್ದಾ ಕೇರಿ ಹೆಂಗಸರು ಬೇಕು. ಸಾವಿನ ಮನಿ ಅಂಗಳದಾಗ ಮಕ್ಕಳು ಮರಿ ಸಮೇತ ಕೂಡೂದು ಅವರ ಹಕ್ಕು. ಲಿಂಗವಂತರು ಸತ್ತವರಿಗಿ ಮಲಗಸೂದಿಲ್ಲ, ಇಬತ್ತಿ ಹಚ್ಚಿ ಗ್ವಾಡಿಗಿ ಆನಿಸಿ ಕೂಡಸ್ತಾರ. ಹಂಗ ಹೆಣ ಕುಂತಿರೋತನಾ ಅಗಸಿ ಮುಚ್ಚಬಾರದು. ಮುಚ್ಚಿದರ ಜೀವಾ ದಾರಿ ಸಿಗದ ಮನ್ಯಾಗೇ ತಿರಗ್ತದ ಅಂತ ಹಿರಿಯರ ಮಾತು.

ವಾಡೇದಾಗ ಗೌಡನ ತಾಯಿ, ದೊಡ್ಡ ಗೌಡಸಾನಿ ಗುರುಶಾಂತಮ್ಮ, ಮುಂಗಾರಿಯಿಂದ ಹಾಸಿಗಿ ಹಿಡದಿದ್ದಳು. ಇಂದಿಲ್ಲ ನಾಳೆ ಅಂತಿದ್ರು ಎಲ್ಲರೂ. ಕೇರ್ಯಾಗ ಚ್ಯಾಷ್ಟಿ ಮಾಡೂದೇ ಆಗಿತ್ತು: "ಹೊಳಿ ಏರೂಕಿಂತ ಮೊದಲು ಮುದುಕಿ ಏರಿದರ ನಾವು ಉಳಕೋತೀವಿ." ಮಲ್ಕಮ್ಮನೂ ನಕ್ಕಿದ್ದಳು. ಆದ್ರ ಅವತ್ತು ಹೊಳಿ ದಂಡಿಮ್ಯಾಲ ನಿಂತಾಗ ಅದೇ ಮಾತು ಹರಕಿ ಹಂಗ ಆಕಿ ಬಾಯಿಂದ ತಾನೇ ಹೊಂಟಿತು. "ಎಪ್ಪಾ ಬಸವಣ್ಣಾ, ಆ ಮುದುಕಿಗಿ ಇವತ್ತೇ ಒಯ್ಯೋ." ಅಂದಾಕಿ ತನ್ನ ಬಾಯಿ ತಾನೇ ಹೊಡಕೊಂಡಳು. ಥೂ, ಎಂಥಾ ಕಟುಕ ಬಾಯಿ ನಂದು ಅಂತ ಕಣ್ಣಾಗ ನೀರು ಬಂತು. ಹರಕಿ ಮಾತ್ರ ಹೊಳ್ಳಿ ಇಸಗೊಳ್ಳಲಿಲ್ಲ.

ವಾಡೆ ದನದ ಹಕ್ಕಿ, ಅದೇ ದನದ ಕೊಟಗಿ, ಬಳಿಯೂದು ದಿನಾ ಆಕಿ ಕೆಲಸ. ಅವತ್ತು ಕಸಬರಿಗಿ ಹಿಡಕೊಂಡು ಹೋದಾಕಿ ಮೊದಲು ಗೌಡನ್ನ ಹುಡುಕಿದಳು. ನಾಗಣ್ಣಗೌಡ ಅಗಸಿ ಕಟ್ಟಿಮ್ಯಾಲ ನಿಂತು ಚೀಲ ಇಳಿಸಾಕತ್ತಿದ್ದ. ಕೆಟ್ಟ ಮನುಷ್ಯಾ ಅಲ್ಲ. ಆದ್ರ ಅಡ್ಡಗ್ವಾಡಿ ಮ್ಯಾಲ ದೀಪಾ ಇಟ್ಟಂಗ ಮಾತಾಡಾಂವ.

"ಎಪ್ಪಾ, ಹಸಿ ಬಾಣಂತಿ ಅದಾಳ್ರಿ. ಎಲ್ಲಾರಿಗೂ ಬ್ಯಾಡ, ಆಕಿಗೊಬ್ಬಾಕಿಗಿ ದನದ ಹಕ್ಕ್ಯಾಗ ಒಂದು ಮೂಲಿ ಕೊಡ್ರಿ. ಬಾವಿ ಕಡಿ ನಾವ್ ನೋಡೂದಿಲ್ರಿ."

"ನನಗೇನು ಕರುಣಾ ಇಲ್ಲಂತ ಮಾಡೀಯೇನು ಮಲ್ಕಮ್ಮ? ಆದ್ರ ಒಬ್ಬರಿಗಿ ಬಿಟ್ಟರ ಎಲ್ಲಾರಿಗೂ ಬಿಡಬೇಕಾಗ್ತದ. ನಮ್ಮ ಕಾಕಾ ದೊಡ್ಡಪ್ಪ ಏನಂತಾನ? ಊರು ಏನಂತದ? ನೋಡೋಣು, ಹೊಳಿ ಏರಲಿಕ್ಕಿಲ್ಲ ತಗೋ." ಹಂಗಂದು ಆಂವ ಚೀಲದ ಕಡಿ ಮುಖಾ ತಿರುವಿದ.

ಮಲ್ಕಮ್ಮ ದನದ ಹಕ್ಕಿಗಿ ಹೋಗಿ ಕಸಬರಿಗಿ ಬೀಸಾಕ ಹತ್ತಿದಳು. ಅಲ್ಲಿ ಗ್ವಾಡ್ಯಾಗ ಒಂದು ಸಣ್ಣ ಕಿಂಡಿ. ಅದರ ಆಚಿಗಿ ಪಡಸಾಲಿ, ಪಡಸಾಲ್ಯಾಗ ಗುರುಶಾಂತಮ್ಮನ ಹಾಸಿಗಿ. ದಿನಾ ಆ ಕಿಂಡ್ಯಾಗಿಂದ ಇಬ್ಬರ ಮಾತು ನಡೀತಿತ್ತು. ಒಬ್ಬರ ಮಾರಿ ಒಬ್ಬರು ಪೂರಾ ನೋಡಿದ್ದು ಕಡಿಮಿ, ದನಿ ಮಾತ್ರ ಎದಿಮ್ಯಾಲ ಬರದಂಗ ಗುರ್ತಿತ್ತು.

"ಏನ ಬೇ ಮಲ್ಕಿ, ಕಸಬರಿಗಿ ಅಳಾಕತ್ತದಲ್ಲ ಇವತ್ತು?" ಮುದುಕಿ ದನಿ ಬಂತು, ಅದರ ಹಿಂದೇ ಕೆಮ್ಮು.

ಮಲ್ಕಮ್ಮ ಕಿಂಡಿ ಕಡಿ ನೋಡಿದಳು. ಒಣಗಿದ ಮಾರಿ, ಬೊಚ್ಚು ಬಾಯಿ, ಕಣ್ಣು ಮಾತ್ರ ಚುರುಕು.

"ಹಿಂಗ್ಯಾಕ ನೋಡ್ತಿ? ನನ್ನ ಉಸುರು ಎಣಸಾಕತ್ತೀಯೇನು?"

ಅಷ್ಟು ಕೇಳಿದ್ದೇ ತಡ, ಮಲ್ಕಮ್ಮನ ಕಟ್ಟಿ ಒಡೀತು. ಕಸಬರಿಗಿ ಒಗದು ಗ್ವಾಡಿ ಬುಡಕ ಕುಂತು, "ಹೌದ್ರಿ ಅವ್ವಾರ, ನಾ ಪಾಪಿ ಅದೇನ್ರಿ. ನೀವು ಸಾಯಲಿ ಅಂತ ಬಸವಣ್ಣಗ ಬೇಡಿಕೊಂಡು ಬಂದೇನ್ರಿ. ನೀವು ಸತ್ತರ ಅಗಸಿ ತೆರೀತದ, ನನ್ನ ಮೊಮ್ಮಗಳು ಉಳೀತಾಳಂತ. ನನ್ನ ನಾಲಿಗಿ ಕೊಯ್ದು ಹಾಕ್ರಿ" ಅಂತ ಹೋ ಅಂತ ಅತ್ತಳು.

ಒಳಗ ಬೈಗುಳಾ ಬರಲಿಲ್ಲ. ನಗಿ ಬಂತು! ಮುದುಕಿ ನಕ್ಕಳು, ಕೆಮ್ಮಿದಳು, ಮತ್ತ ನಕ್ಕಳು. "ಮುಂಗಾರಿಯಿಂದ ನನ್ನ ಸೊಸಿ, ಮಗಾ, ಬೀಗರು, ಎಲ್ಲಾರೂ ‘ನೂರು ವರ್ಷ ಬಾಳ್ರಿ’ ಅಂತ ಸುಳ್ಳು ಹೇಳಿ ಹೇಳಿ ನನ್ನ ಕಿವಿ ತೂತು ಮಾಡ್ಯಾರ. ಖರೇ ಮಾತಾಡಾಕಿ ನೀ ಒಬ್ಬಾಕಿ ಸಿಕ್ಕಿ ನೋಡು." ಆಮ್ಯಾಲೆ ದನಿ ಸಣ್ಣ ಮಾಡಿದಳು. "ಆ ವರ್ಷ ನಿನ್ನ ಕೂಸು ಅತ್ತದ್ದು ನನಗೂ ಕೇಳಸ್ತಿತ್ತು ಬೇ. ಸುಮ್ಮನಾದದ್ದೂ ಕೇಳಿಸಿತು."

ಮಲ್ಕಮ್ಮನ ಅಳು ಅಲ್ಲೇ ನಿಂತಿತು. ಇಷ್ಟು ವರ್ಷದಾಗ ಆ ಮಾತು ಇಬ್ಬರ ನಡುವ ಒಮ್ಮೆನೂ ಬಂದಿರಲಿಲ್ಲ.

"ಹೊಳಿ ಎಲ್ಲಿಗಿ ಬಂದದ?"

"ಡುಬ್ಬ ಮುಟ್ಟಾಕತ್ತಿತ್ರಿ."

"ಹಂಗಾರ ಇನ್ನ ಕುಂತ್ಯೇನು? ಎದ್ದು ಹೋಗು. ನಿನ್ನ ಗಂಡಗ ಹಲಗಿ ಕಾಸಾಕ ಹೇಳು. ದೊಡ್ಡ ಗೌಡಸಾನಿ ಸತ್ತಳು ಅಂತ ಬಾರಿಸಲಿ."

ಮಲ್ಕಮ್ಮ ಕಣ್ಣು ಕಣ್ಣು ಬಿಟ್ಟಳು. ಒಳಗ ಮುದುಕಿ ಆಗಲೇ ಸೊಸಿನ್ನ ಕೂಗಾಕತ್ತಿದ್ದಳು, "ಗೌರಾ, ಏ ಗೌರಾ! ಇಬತ್ತಿ ತಾ!"

ಸೊಸಿ ಗೌರಾಬಾಯಿ ಸಂಭಾವಿತ ಹೆಂಗಸು, ಬೆಕ್ಕು ಅಡ್ಡ ಹೋದರೂ ಕಾಲು ತೊಳಿಯಾಕಿ. ಮಾತು ಕೇಳಿ ಓಡಿ ಬಂದಳು. "ಅತ್ತೀರ, ಬಿಡ್ತು ಅನ್ರಿ! ಬದುಕಿದ್ದಾಗ ಹಲಗಿ ಬಾರಿಸಿದರ ಅಪಶಕುನ ಅಲ್ಲೇನ್ರಿ? ಅಯ್ಯನೋರಿಗಿ ಗೊತ್ತಾದರ?"

"ಅಯ್ಯನೋರು ಅಂದೋಲಾ ಮಠಕ್ಕ ಹೋಗ್ಯಾರ. ಈ ಹೊಳಿ ದಾಟಿ ಹ್ಯಾಂಗ ಬರ್ತಾರ, ಹಾರಿಕೊಂಡು ಬರ್ತಾರೇನು? ಅವರು ಬಂದು ತಲಿಮ್ಯಾಲ ಪಾದಾ ಇಡೋತನಾ ನನಗ ಯಾರೂ ಮುಟ್ಟಬಾರದು ಅಂತ ಹೇಳು, ಮುಗೀತು. ಅಪಶಕುನ ಅಂತ! ನನಗ ಇದಕ್ಕಿಂತ ಇನ್ನೇನು ಆಗೂದದ? ನನ್ನ ಸಾವು ಅದು, ನನ್ನ ಮನಸಿಗಿ ಬಂದಾಗ ಸಾಯ್ತೇನಿ. ಆ ಕಿಂಡಿ ಬುಡಕ ಕೂಡಸು ನನಗ. ಮೊದಲು ಒಂದು ಎಲಿ ಅಡಿಕಿ ಕೊಡು, ಸತ್ತ ಮ್ಯಾಲ ಸಿಗೂದಿಲ್ಲ."

ಮಲ್ಕಮ್ಮ ಓಡಿದಳು. ಆ ವಯಸ್ಸಿನಾಗ ಅಷ್ಟು ಓಡಿದ್ದು ಆಕಿಗೇ ಗೊತ್ತಿಲ್ಲ. ದಶರಥ ಮೊದಲು ನಂಬಲಿಲ್ಲ, ಆಮ್ಯಾಲೆ ಹೆದರಿದ. ಸುಳ್ಳು ಸಾವು ಬಾರಿಸಿದ ಹಲಗಿ ಬಾರಿಸಿದವನ ಮನಿ ನುಂಗ್ತದ ಅಂತ ಅವರಪ್ಪ ಹೇಳಿದ್ದ. "ಮನಿ ಹೊಳಿ ನುಂಗಾಕತ್ತದ, ಇನ್ನ ಹಲಗಿಗಿ ಏನ್ ಉಳದದ ನುಂಗಾಕ?" ಅಂದಳು ಮಲ್ಕಮ್ಮ. ಹಸಿ ಗಾಳಿಗಿ ಹಲಗಿ ಚರ್ಮ ಸಡಲಾಗಿ ತಪ್ ತಪ್ ಅಂತಿತ್ತು. ಆಕಿ ತನ್ನ ಒಣ ಕುಳ್ಳು, ಚಾಪಿ ಸುದ್ದಾ ಒಲಿಗಿ ಹಾಕಿ ಉರಿ ಮಾಡಿದಳು. ದಶರಥ ಹಲಗಿ ಉರಿಗಿ ಹಿಡದು ಹೊಳ್ಳಿಸಿ ಹೊಳ್ಳಿಸಿ ಕಾಸಿದ. ಚರ್ಮ ಬಿಗೀತು. ಮೊದಲನೇ ಪೆಟ್ಟು ಬಿದ್ದಾಗ ಕೇರಿಯೆಲ್ಲಾ ಹೊರಗ ಬಂತು. ಸಾವಿನ ಬಡತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ವಾಡೇದಾಗ ಗೌರಾಬಾಯಿ ಬಾಯಿ ತೆಗದು ಅತ್ತಳು. ಹೆದರಿಕಿಗಿ ಅತ್ತದ್ದೋ ಏನೋ, ಖರೇ ಸಾವಿಗಿ ಅತ್ತಂಗೇ ಅಳು ಬಂದಿತ್ತು. ಅಗಸಿ ಎರಡೂ ಬಾಗಲಾ ಹಾರುಹೊಡದು ತೆರದವು. ದಶರಥ ಮುಂದ ಬಾರಿಸಿಕೋತ, ಹಿಂದ ಕೇರಿ: ಗಂಡಸರು, ಹೆಂಗಸರು, ಕಂಕುಳಾಗ ಕೂಸು, ತಲಿಮ್ಯಾಲ ಗಂಟು. ಸಾವಿಗಿ ಬಂದವರ ತಲಿಮ್ಯಾಲ ಗಂಟ್ಯಾಕ ಅಂತ ಆ ಗದ್ದಲದಾಗ ಯಾರೂ ಕೇಳಲಿಲ್ಲ. ಮಲ್ಕಮ್ಮ ಅಂಬುಬಾಯಿನ್ನ ಕೌದ್ಯಾಗ ಸುತ್ತಿ, ಕೂಸಿನ್ನ ಎದಿಗಿ ಕಟ್ಟಿಕೊಂಡು ಬಂದು, ದನದ ಹಕ್ಕಿ ಒಳಗ, ಕಿಂಡಿ ಬುಡಕ, ಒಣ ಹುಲ್ಲಿನ ಮ್ಯಾಲ ಮಲಗಿಸಿದಳು. ಹೊರಗ ಮಳಿ ಧೋ ಅಂತ ಶುರುವಾತು. ಮ್ಯಾಲ ತೊಲಿ, ಅದರ ಮ್ಯಾಲ ಮಾಳಗಿ. ಆಕಿ ತಲಿಯೆತ್ತಿ ಅದನ್ನೇ ಒಂದು ಘಳಗಿ ನೋಡಿಕೋತ ನಿಂತಳು.

ನೀರು ನೋಡಾಕ ಹೋಗಿದ್ದ ನಾಗಣ್ಣಗೌಡ ಹೊಳಿ ದಂಡಿಯಿಂದ ಕೆಸರುಗಾಲಿಲೇ ಓಡಿ ಬಂದ. ಪಡಸಾಲ್ಯಾಗ ತಾಯಿ ಕುಂತಿದ್ದಳು, ಹಣಿ ತುಂಬ ಇಬತ್ತಿ, ಕೊಳ್ಳಾಗ ಹೂವು, ಮಾರಿಮ್ಯಾಲ ಅರ್ಧಾ ಸೆರಗು. ಆಂವ "ಯವ್ವಾ!" ಅಂತ ಕಾಲಮ್ಯಾಲ ಬಿದ್ದು ಎಳಿಮಗನಂಗ ಅತ್ತ. "ನೀರು ಕೇಳಿದಾಗ ನಾ ಮಗ್ಗಲದಾಗ ಇರಲಿಲ್ಲಲ್ಲೇ ಯವ್ವಾ!" ಅಂತ ಹಣಿ ಚಚ್ಚಿಕೊಂಡ. ಅಷ್ಟರಾಗ ಆ ಕಾಲು ಬೆಚ್ಚಗ ಹತ್ತಿತು. ಬೆರಳು ಆಡಿತು. ಗೌಡ ಗಾಬರಿಯಾಗಿ ಮಾರಿ ಎತ್ತಿದ.

ಸೆರಗಿನ ಬುಡಕ ಒಂದು ಕಣ್ಣು ತೆರದು ನೋಡಾಕತ್ತಿತ್ತು. "ಸುಮ್ಮನಿರು. ಸತ್ತೇನಿ ನಾ" ಅಂದಳು ಮುದುಕಿ, ಬರೇ ಉಸುರಿಲೆ.

ಕಿಂಡಿ ಈಚಿಗಿ ಮಲ್ಕಮ್ಮ ಉಸುರು ಬಿಗಿ ಹಿಡದು ಕೇಳಾಕತ್ತಿದ್ದಳು. ಗೌಡ ಈಗ ಒದರತಾನ, ಈಗ ಎಲ್ಲಾರನ್ನೂ ಹೊರಗ ಹಾಕ್ತಾನ ಅಂತ ಕಿವಿ ಕಿಂಡಿಗೇ ಹಚ್ಚಿದ್ದಳು. ಗೌಡನ ಮಾರಿ ಮೊದಲು ಬೆಳ್ಳಗಾತು, ಆಮ್ಯಾಲೆ ಕೆಂಪಾತು. "ಏನಿದು ಯವ್ವಾ, ಮರ್ಯಾದಿ..." ಅಂದ.

"ಮರ್ಯಾದಿ ನಿಂದು ಅಂಗಳದಾಗ ಅದ ನೋಡು, ನೂರು ಮಂದಿ ಕುಂತದ. ನಿನ್ನ ಸೊಂಟದಾಗಿನ ಅಗಸಿ ಕೀಲಿ ನನ್ನ ಕೈಯಾಗ ಕೊಡು."

ಅದೇ ಹೊತ್ತಿಗಿ ಗೌಡನ ಕಾಕಾ, ದೊಡ್ಡಪ್ಪ ಅಂಬಾಂವ, ರುಮಾಲ ಸರಿ ಮಾಡಿಕೋತ ಪಡಸಾಲಿ ಬಾಗಲಿಗಿ ಬಂದು ನಿಂತ. ಊರಾಗ ಆತನ ಮಾತು ಅಂದ್ರ ಕಲ್ಲಿನ ಗೆರಿ. "ನಾಗಣ್ಣಾ, ಆಗೂದು ಆತು. ಆದ್ರ ಬಸವಣ್ಣನ ಕೋಡು ಮುಳುಗ್ಯಾವು. ಕೇರಿಯೆಲ್ಲಾ ಒಳಗ ಬಂದು ಕುಂತದ. ಬಾರಸಾಂವ ಒಬ್ಬ ಇರಲಿ, ಉಳದವರಿಗಿ ಹೊರಗ ಹಾಕಿ ಅಗಸಿ ಜಡಿ. ಇಲ್ಲಂದ್ರ ಬಾವಿ ಕೆಡ್ತದ" ಅಂದ.

ಮಲ್ಕಮ್ಮ ಕೂಸಿನ್ನ ಎತ್ತಿ ಅವಚಿಕೊಂಡಳು. ಹುಟ್ಟಿದಾಗಿನಿಂದ ಎರಡೂ ದಂಡಿಮ್ಯಾಲ ಕಾಲಿಟ್ಟು ನಿಂತ ಗೌಡ, ತಾಯಿ ಮಾರಿ ನೋಡಿದ, ಕಾಕಾನ ಮಾರಿ ನೋಡಿದ. ಆಮ್ಯಾಲೆ ಸೊಂಟದಾಗಿನ ಕೀಲಿ ತೆಗದು, ಸೆರಗಿನ ಬುಡಕ ತಾಯಿ ಕೈಯಾಗ ಇಟ್ಟ.

"ಹೆಣ ಕುಂತ ಮನಿ ಅಗಸಿ ಮುಚ್ಚತಾರೇನು ಕಾಕಾ? ನಮ್ಮವ್ವನ ಜೀವಾ ಮನ್ಯಾಗ ತಿರಗಬೇಕೇನು?" ಅಂದ. ಸಾವಿನ ಮನ್ಯಾಗ ಮಗನ ಮಾತಿಗಿ ಎದುರಿಲ್ಲ. ದೊಡ್ಡಪ್ಪ ಮೂಗು ಮುರದು ಹೋಗಿ ಬಾವಿ ಕಟ್ಟಿಮ್ಯಾಲ ಕಾವಲು ಕುಂತ. ಕುಂದರಲಿ!

ಆ ದಿನಾ ಆದದ್ದು ಹೇಳಬೇಕಂದ್ರ ನಗಬೇಕೋ ಅಳಬೇಕೋ ತಿಳಿಯೂದಿಲ್ಲ. ಮಾಳಗಿಮ್ಯಾಲಿಂದ ನೋಡಿದರ ಕೇರಿ ಇದ್ದಲ್ಲಿ ಕೆಂಪು ನೀರು, ದಶರಥನ ಗುಡಸಲದ ನೆತ್ತಿ ಒಂದು ಘಳಗಿ ಕಂಡು ಮಾಯ ಆತು. ಇಲ್ಲಿ ಪಡಸಾಲ್ಯಾಗ ಭಜನಿ. ಮುದುಕಿಗಿ ಕೆಮ್ಮು ಬಂದಾಗೊಮ್ಮೆ ಗೌರಾಬಾಯಿ "ಅಯ್ಯೋ ನಮ್ಮತ್ತೀ!" ಅಂತ ಚಿಟ್ಟನ ಚೀರತಿದ್ದಳು, ಕಿಂಡಿ ಈಚಿಗಿಂದ ಮಲ್ಕಮ್ಮ ದನಿ ಕೂಡಸ್ತಿದ್ದಳು, ಅಂಗಳದಾಗ ದಶರಥ ಎರಡು ಪೆಟ್ಟು ಜೋರು ಹಾಕತಿದ್ದ, ಭಜನ್ಯಾವರು ಅದಕ್ಕ ಹುರುಪಾಗಿ ತಾಳಾ ಇನ್ನೂ ಎತ್ತರಸ್ತಿದ್ರು. ಗೌಡ ಮಾರಿಮ್ಯಾಲ ಪಂಚೆ ಹಾಕಿಕೊಂಡು ಕುಂತಿದ್ದ. ಭುಜಾ ನಡಗಾಕತ್ತಿದ್ವು. ಮಂದಿ, "ಎಷ್ಟು ಹಚ್ಚಿಕೊಂಡಿದ್ದ ತಾಯಿಗಿ" ಅಂತ ಕಣ್ಣು ಒರಸಿಕೊಂಡ್ರು.

ದೀಪಾ ಹಚ್ಚೋ ಹೊತ್ತಿಗಿ ಕೂಸು ಎದ್ದು ಅಳಾಕ ಹತ್ತಿತು. ಅಂಬುಬಾಯಿಗಿ ಹಾಲು ಸಾಲದಾಗಿತ್ತು. ಎಷ್ಟು ತೂಗಿದರೂ ಸುಮ್ಮನಾಗವಲ್ದು. ಭಜನಿ ಮಂದಿ ಉಣ್ಣಾಕ ಎದ್ದಿದ್ರು. ಕಿಂಡ್ಯಾಗಿಂದ ಸಣ್ಣ ದನಿ ಬಂತು.

"ಅದೇ ಕೂಸೇನ ಬೇ?"

"ಹೌದ್ರಿ ಅವ್ವಾರ. ಹಸದದ್ರಿ. ನಿಮಗ ತ್ರಾಸ ಆಗ್ತದ, ಆಚಿಗಿ ಒಯ್ತೇನ್ರಿ."

"ಬ್ಯಾಡ. ಇಲ್ಲೇ ಇರಲಿ. ಅಳಲಿ." ಮುದುಕಿ ಉಸುರು ಎಳಕೊಂಡಳು, ಎದಿಯಾಗ ಗೊರಗೊರ ಅಂತಿತ್ತು. "ಅಳೋತನಾ ಛಲೋ. ಸುಮ್ಮನಾತಂದ್ರ ನನಗ ಹೇಳು."

ಗೌರಾಬಾಯಿ ಒಂದು ಬಟ್ಟಲ ಬಿಸಿ ಹಾಲು ತಂದು ಅತ್ತಿ ಬಾಯಿಗಿ ಹಿಡಿದಳು. ಮುದುಕಿ ಬಾಯಿ ತಿರುವಿ ಕಿಂಡಿ ತೋರಿಸಿದಳು. ಗೌರಾಬಾಯಿ ಒಂದು ಚಣ ನಿಂತಳು. ಆಕಿ ಮಡಿ ಏನು, ಆಕಿ ಮುಟ್ಟು ಚಟ್ಟು ಏನು! ಆಮ್ಯಾಲೆ ಬಟ್ಟಲ ಕಿಂಡ್ಯಾಗಿಂದ ಹೊರಗ ಚಾಚಿದಳು. ಮಲ್ಕಮ್ಮ ಎರಡೂ ಕೈಲೆ ಇಸಗೊಂಡಳು. ಅಂಬುಬಾಯಿ ಕುಡದಳು, ಕೂಸಿನ ಬಾಯಿಗೂ ಬತ್ತಿ ಎದ್ದಿ ಹನಿಸಿದ್ರು. ಅದು ಅತ್ತಿತು, ಕುಡೀತು, ಮತ್ತ ಅತ್ತಿತು. ರಾತ್ರಿಯೆಲ್ಲಾ ಮಲ್ಕಮ್ಮಗ ನಿದ್ದಿ ಇಲ್ಲ. ಅತ್ತಾಗೊಮ್ಮೆ ಕಿಂಡಿ ಕಡಿಗಿ "ಅಳಾಕತ್ತದ್ರಿ ಅವ್ವಾರ" ಅಂತಿದ್ದಳು. ಆಚಿಗಿಂದ "ಹೂಂ" ಅಂತ ಬರತಿತ್ತು.

ಬೆಳಕು ಹರದಾಗ ಗಾಳಿ ಬಿದ್ದಿತ್ತು. ಮಲ್ಕಮ್ಮ ಮಾಳಗಿ ಏರಿ ನೋಡಿದಳು. ಕೆಂಪು ನೀರಿನಾಗಿಂದ ಬಸವಣ್ಣನ ಎರಡು ಕೋಡು ಎದ್ದಿದ್ವು, ಕಿವಿನೂ ಕಾಣಾಕತ್ತಿತ್ತು. ಹೊಳಿ ಇಳದಿತ್ತು! ಆಕಿ ಮೆಟ್ಟಲಾ ಎರಡೆರಡು ಹಾರಿ ಇಳದು ದನದ ಹಕ್ಕಿಗಿ ಬಂದಳು. ಕೂಸು ತಾಯಿ ಎದಿಮ್ಯಾಲ ಬಾಯಿ ತೆಗದು ಮಲಗಿತ್ತು. ಆಕಿ ಮೂಗಿನ ಬುಡಕ ಬೆರಳು ಹಿಡದು ನೋಡಿದಳು. ಬಿಸಿ ಉಸುರು ಬಡೀತು.

"ಅವ್ವಾರ, ಏಳ್ರಿ ಇನ್ನ. ಹೊಳಿ ಇಳೀತ್ರಿ. ಕೂಸು ಸುಮ್ಮನಾಗ್ಯಾದ, ಅಂಜಬ್ಯಾಡ್ರಿ, ನಿದ್ದಿ ಹತ್ಯಾದ್ರಿ" ಅಂದಳು ಕಿಂಡಿಗಿ ಬಾಯಿ ಇಟ್ಟು.

ಹೂಂ ಬರಲಿಲ್ಲ.

"ಅವ್ವಾರ?"

ಒಳಗ ಗೌರಾಬಾಯಿ ತೂಕಡಿಸಾಕಿ ಎಚ್ಚರಾಗಿ ಅತ್ತಿ ಸೆರಗು ಸರಿಸಿದಳು. ಕೈ ಮುಟ್ಟಿದಳು. ಈ ಸಲ ಆಕಿ ಚೀರಲಿಲ್ಲ. ಬಾಯಿಗಿ ಸೆರಗು ತುರುಕಿಕೊಂಡು ಕಿಂಡಿ ಕಡಿ ನೋಡಿದಳು, ಅಷ್ಟೇ. ಮಲ್ಕಮ್ಮ ಗ್ವಾಡಿಗಿ ಹಣಿ ಹಚ್ಚಿ ನಿಂತಳು. ತಾ ಬೇಡಿದ್ದ ಹರಕಿ ಬಸವಣ್ಣ ಒಂದು ದಿನಾ ತಡಾ ಮಾಡಿ ಮುಟ್ಟಿಸಿದ್ದ. ಬ್ಯಾಡಾಗಿತ್ತು. ಖರೇ ಹೇಳಬೇಕಂದ್ರ ಹೆತ್ತವ್ವ ಹೋದಾಗ ಸುದ್ದಾ ಆಕಿಗಿ ಅಂಥಾ ಸಂಕಟ ಆಗಿರಲಿಲ್ಲ.

ಎಲ್ಲಾರೂ ನಿನ್ನೇನೇ ಅತ್ತು ಮುಗಿಸಿದ್ರು. ಇವತ್ತು ಅತ್ತವರು ಮೂರೇ ಮಂದಿ. ಗೌಡ ತಾಯಿ ತೊಡಿಮ್ಯಾಲ ಮಾರಿ ಇಟ್ಟು ಒದರಿ ಅಳೂದು ನೋಡಿ ದೊಡ್ಡಪ್ಪ, "ನಿನ್ನೆ ಇಷ್ಟು ಅಳಲಿಲ್ಲ, ಇವತ್ತೇನಾತು ಈ ಹುಡುಗಗ?" ಅಂದ. ಯಾರು ಏನಂತ ಹೇಳಬೇಕು ಆತಗ?

ದಶರಥ ಮೆಲ್ಲಕ ಹೆಂಡತಿ ಕಡಿ ಬಂದು, "ಇನ್ನೊಮ್ಮೆ ಬಾರಸಲೇನ?" ಅಂತ ಕೇಳಿದ.

"ಬಾರಸು. ನಿನ್ನೆ ನಮಗ ಬಾರಿಸಿದ್ದಿ. ಇವತ್ತು ಆಕಿಗಿ ಬಾರಸು" ಅಂದಳು ಮಲ್ಕಮ್ಮ.

ಹೊಳಿ ಇಳದು ಅಯ್ಯನೋರು ದಾಟಿ ಬಂದ್ರು. ಮಣ್ಣಿಗಿ ಎತ್ತೂ ಮುಂದ ಮೈ ತೊಳಿಯಾಕ ಹೋದ ಗೌರಾಬಾಯಿ ಗಂಡನ್ನ ಕರದಳು. ಮುದುಕಿ ಎಡಗೈಯಾಗ ಲಿಂಗ ಇತ್ತು. ಬಲಗೈ ಮುಷ್ಟಿ ಬಿಗದಿತ್ತು, ಬೆರಳ ಸಂದ್ಯಾಗಿಂದ ಅಗಸಿ ಕೀಲಿ ತುದಿ ಕಾಣತಿತ್ತು. "ಬಿಡವಲ್ರು" ಅಂದಳು. ನಾಗಣ್ಣಗೌಡ ತಾಯಿ ಮುಂದ ಕುಂತು ಒಂದು ಬೆರಳು ಹಿಡದ, ಬಿಡಸಾಕ ನೋಡಿದ. ಅಂಗಳದಾಗ ಕೂಸು ಎದ್ದು ಮತ್ತ ಅಳಾಕ ಹತ್ತಿತು. ಗೌಡನ ಕೈ ನಿಂತಿತು.

"ಇರಲಿ. ಆಕಿ ಕೇಳಿ ಇಸಗೊಂಡದ್ದು" ಅಂದು ಆ ಮುಷ್ಟಿಮ್ಯಾಲ ಸೆರಗು ಹೊಚ್ಚಿದ.

ದಿಬ್ಬದ ಹಿಂದಿನ ಹೊಲದಾಗ ಕೇರಿ ಗಂಡಸರು ಅಗದ ಕುಣ್ಯಾಗ ಗುರುಶಾಂತಮ್ಮನ್ನ ಕೂಡಿಸಿದ್ರು, ಕೀಲಿ ಸಮೇತ ಮಣ್ಣು ಎಳದ್ರು. ಹೆಣ ಹೊಂಟ ಮ್ಯಾಲ ಅಗಸಿ ಮುಚ್ಚೂದು ಪದ್ಧತಿ. ಬಾಗಲಾ ಎಳದ್ರು, ಸರಪಳಿ ಹಾಕಿದ್ರು, ಬೀಗಾ ಹಂಗೇ ಜೋತಾಡಿತು. ಮಲ್ಕಮ್ಮ ಕೆಸರಾಗ ತನ್ನ ಗುಡಸಲದ ಗಳಾ ಹುಡುಕಾಕ ಇಳದು ಹೋದಳು.

ಹೊಳಿ ಆಮ್ಯಾಲೂ ಏರಿತು, ಇಳೀತು, ಅದರ ಬುದ್ಧಿ ಅದು ಬಿಡಲಿಲ್ಲ. ಮೂಡಗಾಳಿ ಎದ್ದಾಗೊಮ್ಮೆ ಮಲ್ಕಮ್ಮಗ ಹಂಗೇ ನಿಂತಲ್ಲಿ ನಿಲ್ಲಾಕ ಆಗತಿರಲಿಲ್ಲ. ಆದ್ರ ಮೊದಲು ಹೊಳಿ ಕಡಿ ಓಡತಿದ್ದಾಕಿ, ಈಗ ಮೊದಲು ದಿಬ್ಬದ ಕಡಿ ನೋಡತಿದ್ದಳು, ಅಗಸಿ ಕಡಿ. ಸರಪಳಿ ಬಿಚ್ಚಿದ್ದೇ ಇರತಿತ್ತು. ಕೇರಿ ಏರಿ ಹೋಗಿ ದನದ ಹಕ್ಕ್ಯಾಗ ಕೂಡತಿತ್ತು, ದೊಡ್ಡಪ್ಪ ಬಾವಿ ಕಟ್ಟಿಮ್ಯಾಲ ಕಾವಲು ಕೂಡತಿದ್ದ. ಹೊಸಾ ಕೀಲಿ ಮಾಡಾಕ ಊರಾಗ ಕಂಬಾರ ಇದ್ದಿಲ್ಲೇನು? ಇದ್ದ, ಅಗಸಿ ಎದುರಿಗೇ ಆತನ ಕುಲುಮಿ. ನಾಗಣ್ಣಗೌಡ ದಿನಾ ಅದರ ಮುಂದೇ ಹಾದು ಹೋಗತಿದ್ದ, ಒಂದು ದಿನಾನೂ ಆತಗ ಹೇಳಲಿಲ್ಲ.